ಇದ್ದಲು ಬಸ್ಸು ನಿಲ್ಲುತ್ತಿದ್ದ ವಠಾರ

ಮೊನ್ನೆ ಸಂಜೆ ದಂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ನಡೆದು ಬರುತ್ತಿದ್ದೆ. ತುಂತುರು ಮಳೆ. ಇಸ್ತ್ರಿಯವನೊಬ್ಬ ಪೆಟ್ಟಿಗೆಯ ಬಾಯಿ ತೆರೆದು ಕೆಂಡಕ್ಕೆ ಗಾಳಿ ಹಾಕುತ್ತಿದ್ದ. ಪಕ್ಕದ ಅಂಗಡಿಯಲ್ಲಿ ದೀಪ ಹಚ್ಚಿ ಸಾಂಬ್ರಾಣಿ ಹಾಕಿದ್ದರು. ಒದ್ದೆ ಗಾಳಿ, ಕೆಂಡ, ಸಾಂಬ್ರಾಣಿ, ಮೂರೂ ಒಟ್ಟಿಗೆ ಮೂಗಿಗೆ ಬಂದವು. ನನ್ನ ಉಸಿರು ನಿಂತಿತು. ನಾನಾಗಿ ಹಿಡಿದದ್ದಲ್ಲ, ತಾನೇ ನಿಂತದ್ದು.

"ಏನ್ ಸಾರ್, ಮೈ ಸರಿ ಇಲ್ವಾ?" ಎಂದು ಇಸ್ತ್ರಿಯವನು ಕೇಳಿದ.

ಅವನ ಅಂಗಡಿಗೆ ಕಿಟಕಿ ಎಲ್ಲಿದೆ ಎಂದು ನಾನು ಹುಡುಕುತ್ತಿದ್ದೆ. ಅಂಗಡಿಯೆಂದರೆ ನಾಲ್ಕು ಕಂಬದ ಮೇಲೆ ಒಂದು ತಗಡು. ಸುತ್ತಲೂ ಬಯಲು. ಆದರೂ ಹುಡುಕುತ್ತಿದ್ದೆ.

ಯುದ್ಧ ಮುಗಿದು ನಾಲ್ಕು ವರ್ಷ ಆಯಿತು. ನಾನು ಹೇಳುತ್ತಿರುವುದು ಅದಕ್ಕೂ ಒಂದು ವರ್ಷ ಹಿಂದಿನ ಕಾರ್ತಿಕದ ಮಾತು. ಹಲಸೂರಿನಲ್ಲಿ ಕಳೆದ ಆ ಒಂದು ಮಳೆಗಾಲ ನನ್ನೊಳಗೆ ಇನ್ನೂ ಮುಗಿದಿಲ್ಲ.

ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದ ನನಗೆ ಪೂರ್ವದ ವಿಮಾನ ಕಾರ್ಖಾನೆಯ ಉಗ್ರಾಣದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತ್ತು. ಇದ್ದದ್ದು ಬಸವನಗುಡಿಯಲ್ಲಿ, ದೂರದ ನೆಂಟರ ಮನೆಯಲ್ಲಿ. ಅಲ್ಲಿಂದ ಕತ್ತಲಿರುವಾಗಲೇ ಹೊರಟು ಹಲಸೂರಿನವರೆಗೆ ನಡೆದು, ಆರೂವರೆಯ ಬಸ್ಸು ಹಿಡಿಯಬೇಕು. ಕಾರ್ಖಾನೆಯ ಕಡೆಗೆ ಬೆಳಿಗ್ಗೆ ಹೋಗುತ್ತಿದ್ದದ್ದು ಅದೊಂದೇ ಬಸ್ಸು. ಅದು ತಪ್ಪಿದರೆ ಗೇಟು ಮುಚ್ಚುತ್ತದೆ. ನನಗೆ ಎರಡು ಸಲ ತಪ್ಪಿತು. ಎರಡನೆಯ ಸಲ ಗೇಟಿನ ಹಾಜರಿ ಗುಮಾಸ್ತೆ ತಲೆ ಎತ್ತದೆ ಹೇಳಿದ: "ಮೂರನೇ ಸಲ ಬರೋ ತೊಂದ್ರೆ ತಗೋಬೇಡಿ. ಅಲ್ಲೇ ಇದ್ಬಿಡಿ."

ಆ ಮಾತು ಕಿವಿಯಲ್ಲಿ ಇಟ್ಟುಕೊಂಡು ಆ ದಿನವೇ ವೀರಪ್ಪನವರ ವಠಾರಕ್ಕೆ ಹೋದೆ.

ವೀರಪ್ಪನವರದು ಹಲಸೂರಿನ ಪೂರ್ವದ ಅಂಚಿನಲ್ಲಿ ಒಂದು ಹೂವಿನ ತೋಟವಿತ್ತು. ಯುದ್ಧ ಶುರುವಾಗಿ ಕಾರ್ಖಾನೆಗೆ ಜನ ಹೋಗಿಬರತೊಡಗಿದಾಗ ಅವರು ಬಸ್ಸಿನವರ ಹತ್ತಿರ ಹೋಗಿ, ರಾತ್ರಿ ನಿಲ್ಲಲು ನನ್ನ ಅಂಗಳ ಪುಕ್ಕಟೆ, ಬಾವಿಯ ನೀರು ಪುಕ್ಕಟೆ, ಬೆಳಗಿನ ಮೊದಲ ಬಸ್ಸು ಮಾತ್ರ ನನ್ನ ಬಾಗಿಲಿಂದಲೇ ಹೊರಡಬೇಕು ಎಂದು ಒಪ್ಪಿಸಿದ್ದರು. ಅಲ್ಲಿಂದ ಮುಂದೆ ಅವರೇನೂ ಮಾಡಬೇಕಾಗಲಿಲ್ಲ. ಬಸ್ಸು ನಿಂತ ಕಡೆಗೆ ಜನ ತಾವೇ ಬಂದರು. ಫಿಟ್ಟರುಗಳು, ತಗಡು ಬಡಿಯುವವರು, ಕಾವಲಿನವರು, ಟೈಪಿಸ್ಟುಗಳು. ತಮಿಳರು, ದಖನಿ ಮಾತಾಡುವವರು, ಕೋಲಾರದ ಕಡೆಯವರು. ಮಲ್ಲಿಗೆಯ ಸಾಲು ಕಿತ್ತು ಕೋಣೆಗಳ ಸಾಲು ಎದ್ದಿತು. ಆಮೇಲೆ ಸಾಲುಗಳ ನಡುವೆ ಇನ್ನೊಂದು ಸಾಲು. ಬಸ್ಸಿನ ಮೆಟ್ಟಿಲಿಗೆ ಹತ್ತಿರವಾದಷ್ಟೂ ಕೋಣೆಗೆ ಬೇಡಿಕೆ.

"ಬಸ್ಸು ಎಲ್ಲಿಂದ ಹೊರಡತ್ತೋ ಊರು ಅಲ್ಲಿಂದ ಬೆಳೆಯತ್ತೆ ಕಣ್ರೀ," ಎಂದು ವೀರಪ್ಪನವರು ನನಗೆ ಹೇಳಿದರು. "ನಮ್ಮಪ್ಪನ ಕಾಲಕ್ಕೆ ಜನ ಬಾವಿ ನೋಡ್ಕೊಂಡು ಮನೆ ಹುಡುಕ್ತಿದ್ರು. ಇನ್ಮೇಲೆ ಬಸ್ಸು ನೋಡ್ಕೊಂಡು ಹುಡುಕ್ತಾರೆ. ನೋಡ್ತಾ ಇರಿ. ಆದ್ರೆ ಜಾಗ ಇಲ್ಲವಲ್ರೀ ಈಗ."

"ಎಷ್ಟು ಚಿಕ್ಕದಾದ್ರೂ ಪರವಾಗಿಲ್ಲ," ಎಂದೆ. "ಕಾಲು ಚಾಚೋಷ್ಟು."

ಅವರು ಅಂಗಳದ ಸುತ್ತ ಒಮ್ಮೆ ಕಣ್ಣಾಡಿಸಿ, ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿದ್ದ ಹಳೆಯ ಮನೆಗೂ ಕಾಂಪೌಂಡ್ ಗೋಡೆಗೂ ನಡುವಿನ ಸಂದನ್ನು ತೋರಿಸಿದರು. ಅಗಲದಲ್ಲಿ ಒಂದು ಮಂಚ ಹಿಡಿಯುತ್ತದೆ, ಪಕ್ಕದಲ್ಲಿ ಒಬ್ಬ ಮನುಷ್ಯ ಓರೆಯಾಗಿ ನಡೆಯಬಹುದು. ಆ ಸಂದಿಗೆ ಹಳೆಯ ಮನೆಯ ಒಂದು ಕಿಟಕಿ ತೆರೆದಿತ್ತು. ಒಳಗಿನಿಂದ ಯಾರೋ ಸೊಪ್ಪಿನ ಕಡ್ಡಿ ಎಸೆದರು.

"ಆ ಕಿಟಕಿ?" ಎಂದೆ.

"ಮುಚ್ಚಿದ್ರಾಯ್ತು. ಅವರಿಗೆ ಮುಂದೆ ಬಾಗಿಲಿದೆಯಲ್ಲ."

ನಾನು ಇನ್ನೊಂದು ಮಾತು ಆಡಲಿಲ್ಲ. ಹಾಜರಿ ಗುಮಾಸ್ತೆಯ ಬಗ್ಗಿದ ತಲೆ ಕಣ್ಣ ಮುಂದಿತ್ತು.

ಭಾದ್ರಪದದ ಮಳೆಯಲ್ಲೇ ಕೋಣೆ ಎದ್ದಿತು. ಸಿಮೆಂಟೆಲ್ಲ ಯುದ್ಧಕ್ಕೆ ಹೋಗುತ್ತಿದ್ದ ಕಾಲ. ಕಿಟಕಿಯನ್ನು ಒಂದೇ ಇಟ್ಟಿಗೆಯ ದಪ್ಪಕ್ಕೆ ಮಣ್ಣಿನಲ್ಲಿ ಕಟ್ಟಿ ಮೇಲೆ ಸುಣ್ಣ ಬಳಿದರು. ನವರಾತ್ರಿ ಕಳೆದ ಮೇಲೆ ನನ್ನ ಟ್ರಂಕು, ಪುಸ್ತಕ ತಂದು ಹಾಕಿದೆ. ಆ ಸುಣ್ಣ ಮುಟ್ಟಿದರೆ ಇನ್ನೂ ಬೆರಳು ಒದ್ದೆಯಾಗುತ್ತಿತ್ತು.

ಹಳೆಯ ಮನೆಯಲ್ಲಿದ್ದವರು ಚಿನ್ನಪ್ಪ ಮತ್ತು ಅವರ ಹೆಂಡತಿ ಮುನಿಯಮ್ಮ. ಚಿನ್ನಪ್ಪ ಆ ಬಸ್ಸಿಗೇ ಕ್ಲೀನರ್. ಪೆಟ್ರೋಲು ಸಿಗದ ದಿನಗಳಾದ್ದರಿಂದ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಹಿಂಭಾಗದಲ್ಲಿ ಆಳೆತ್ತರದ ಒಂದು ಕಬ್ಬಿಣದ ಒಲೆ. ಚಿನ್ನಪ್ಪ ನಸುಕಿನಲ್ಲೇ ಎದ್ದು ಅದಕ್ಕೆ ಇದ್ದಲು ಸುರಿದು, ಬೆಂಕಿ ಹಚ್ಚಿ, ಕೈಯಿಂದ ಚಕ್ರ ತಿರುಗಿಸಿ ಅರ್ಧ ಗಂಟೆ ಗಾಳಿ ಊದಿದ ಮೇಲೆ ಬಸ್ಸಿಗೆ ಜೀವ ಬರುತ್ತಿತ್ತು. ಹಚ್ಚುವಾಗಿನ ಹೊಗೆಯೆಲ್ಲ ಅವರ ಮನೆಯ ಬಾಗಿಲಿಗೇ. ಹಾಗಾಗಿ ಆ ಬಾಗಿಲು ಸದಾ ಮುಚ್ಚಿ ಒಳಗಿನಿಂದ ಅಗಳಿ ಹಾಕಿರುತ್ತಿತ್ತು. ಗಾಳಿ ಬೆಳಕಿಗೆ ಅವರಿಗಿದ್ದದ್ದು ಕಿಟಕಿ.

ನಾನು ಬಂದ ಮೊದಲ ದಿನ ಮುನಿಯಮ್ಮ ಬಾಗಿಲು ತೆರೆದು, ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನಪ್ಪಾ ಬಿಎಸ್ಸಿ, ನಮ್ಮ ಕಿಟಕಿ ತಿಂದ್ಕೊಂಡು ಬಂದೆಯಲ್ಲ. ಅರಗ್ತಾ?"

ನನಗೆ ಮುಖ ಎಲ್ಲಿಡುವುದು ತಿಳಿಯಲಿಲ್ಲ. ಅವರೇ ನಕ್ಕು ಒಂದು ಬಟ್ಟಲು ಹುರುಳಿ ಸಾರು ಕೊಟ್ಟರು. ಅಲ್ಲಿಂದ ನನ್ನ ಹೆಸರು ವಠಾರದಲ್ಲಿ ಬಿಎಸ್ಸಿ ಎಂದೇ ಆಯಿತು.

ಮುನಿಯಮ್ಮ ಬೈಯುವುದರಲ್ಲಿ ಎತ್ತಿದ ಕೈ. ಮನುಷ್ಯರನ್ನು ಅಷ್ಟಾಗಿ ಬೈಯುತ್ತಿರಲಿಲ್ಲ. ವಸ್ತುಗಳನ್ನು ಬೈಯುತ್ತಿದ್ದರು. ಚೊಂಬು ಉರುಳಿದರೆ, "ಹಾಳಾದ್ದೇ, ಕಣ್ಣು ಕಾಣಲ್ವಾ ನಿಂಗೆ?" ಸೌದೆ ಹೊತ್ತದಿದ್ದರೆ ಸೌದೆಯ ವಂಶವನ್ನೇ ಎತ್ತುತ್ತಿದ್ದರು. ಬಸ್ಸು ಕೆಮ್ಮುತ್ತ ನಿಂತರೆ ಬಾಗಿಲ ಸಂದಿನಿಂದಲೇ ಅದಕ್ಕೊಂದು ಆಶೀರ್ವಾದ. ಒಂದು ಇಟ್ಟಿಗೆಯ ಗೋಡೆ ಯಾವ ಮಾತನ್ನೂ ತಡೆಯುತ್ತಿರಲಿಲ್ಲ. ಅವರು ಎಲೆ ಅಡಿಕೆ ಕುಟ್ಟುವುದು, ಚಿನ್ನಪ್ಪ ಕೆಮ್ಮುವುದು, ಎಲ್ಲವೂ ನನ್ನ ದಿಂಬಿನ ಪಕ್ಕದಲ್ಲೇ ಆದಂತೆ.

ಅಂಥ ಇಕ್ಕಟ್ಟಿನಲ್ಲಿ ಸುಖವೂ ಇತ್ತು. ಸುಳ್ಳು ಹೇಳಲಾರೆ. ಬಸ್ಸಿನ ಚಕ್ರ ತಿರುಗಿಸುವ ಸದ್ದು ಶುರುವಾದ ಮೇಲೆ ಎದ್ದರೂ ನನಗೆ ಸಾಕಾಗುತ್ತಿತ್ತು. ಮುಖ ತೊಳೆದು, ಕಾಫಿ ಕುಡಿದು, ಆರು ಹೆಜ್ಜೆ ಇಟ್ಟರೆ ಮೆಟ್ಟಿಲು. ಡ್ರೈವರ್ ಖಾದರ್ ಸಾಬ್ ಬ್ಲಾಕ್‌ಪಲ್ಲಿಯಿಂದ ಸೈಕಲ್ಲಿನಲ್ಲಿ ಬಂದು ನನ್ನ ಬಾಗಿಲು ತಟ್ಟಿ, "ಬಿಎಸ್ಸಿ ಸಾಬ್, ನಿಮ್ ರಥ ರೆಡಿ," ಎನ್ನುತ್ತಿದ್ದರು. ಐವತ್ತು ದಾಟಿದ, ತೆಳ್ಳಗಿನ, ತಮಾಷೆಯ ಮನುಷ್ಯ. ಒಂದು ದಿನ ಬಸ್ಸಿನ ಒಲೆಯ ಪಕ್ಕ ಹಣೆ ಒತ್ತಿಕೊಂಡು ಕುಳಿತಿದ್ದರು.

"ಈ ಗ್ಯಾಸ್ ಹಂಗೇನೇ ಸಾಬ್. ವಾಸನೆ ಇಲ್ಲ, ಬಣ್ಣ ಇಲ್ಲ. ಜಾಸ್ತಿ ಹೊತ್ತು ಹತ್ರ ಇದ್ರೆ ತಲೆ ಹಿಡ್ಕೊಂಬಿಡತ್ತೆ. ನೀವು ಓದಿದೋರು, ಏನಿದರ ಹೆಸ್ರು?"

ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: ಕಾರ್ಬನ್ ಮಾನಾಕ್ಸೈಡ್. ಅದು ರಕ್ತಕ್ಕೆ ಹೇಗೆ ಅಂಟಿಕೊಳ್ಳುತ್ತದೆ, ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟುಕೊಂಡವರು ಹೇಗೆ ನಿದ್ದೆಯಲ್ಲೇ ಹೋಗುತ್ತಾರೆ, ನಮ್ಮ ಪ್ರೊಫೆಸರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ.

"ವಾಹ್," ಎಂದರು ಖಾದರ್ ಸಾಬ್. "ಹೆಸ್ರು ಇಂಗ್ಲಿಷ್‌ನೋರದು, ತಲೆನೋವು ಮಾತ್ರ ನಮ್ದು."

ಇಬ್ಬರೂ ನಕ್ಕೆವು. ಈ ಸಂಭಾಷಣೆ ನಡೆದದ್ದು ಚಿನ್ನಪ್ಪನ ಮನೆಯ ಬಾಗಿಲಿಗೆ ನಾಲ್ಕು ಮಾರು ದೂರದಲ್ಲಿ. ಅದನ್ನು ಮರೆಯಲು ನನಗೆ ಆಗಿಲ್ಲ.

ದೀಪಾವಳಿಗೆ ಮುಂಚೆ ಅವರ ಮಗಳು ರತ್ನ ಚೊಚ್ಚಲ ಹೆರಿಗೆಗೆಂದು ಕೃಷ್ಣರಾಜಪುರದ ಗಂಡನ ಮನೆಯಿಂದ ಬಂದಳು. ಹಬ್ಬ ಮುಗಿದು ಎರಡು ದಿನಕ್ಕೆ ಹೆಣ್ಣುಮಗು. ಅದೇ ವಾರ ಜಡಿಮಳೆ ಹಿಡಿಯಿತು. ಎಲ್ಲೋ ಸಮುದ್ರದಲ್ಲಿ ಬಿರುಗಾಳಿ ಎದ್ದಿದೆ ಎಂದರು. ಹತ್ತು ದಿನ ಸೂರ್ಯನೇ ಇಲ್ಲ. ಬಟ್ಟೆ ಒಣಗಲಿಲ್ಲ, ಸೌದೆ ಡಿಪೋದಲ್ಲಿ ಸಿಕ್ಕ ಸೌದೆಯೂ ಹಸಿ. ವಠಾರದ ಒಲೆಗಳೆಲ್ಲ ಹೊಗೆಯೇ ಹೊಗೆ. ಚಿನ್ನಪ್ಪನವರ ಮನೆ ಎಂದರೆ ಒಂದೇ ಕೋಣೆ, ಮೇಲೆ ಹಂಚಲ್ಲ, ಗಾಳಿ ಸುಳಿಯದ ಮದ್ರಾಸ್ ತಾರಸಿ. ಅದನ್ನೇ ಬಾಣಂತಿ ಕೋಣೆ ಮಾಡಿದರು. ಅಡಿಗೆ ಹೊರಗಿನ ಮಾಡಿನ ಕೆಳಗೆ ಬಂತು. ಚಿನ್ನಪ್ಪ ಮಲಗುವುದು ಬಸ್ಸಿನೊಳಗೆ. ಶೀತಗಾಳಿ ತಾಗಬಾರದೆಂದು ಮುನಿಯಮ್ಮ ಗವಾಕ್ಷಿಗೆ ಗೋಣಿ ತುರುಕಿದರು, ಬಾಗಿಲ ಸಂದಿಗೆ ಹಳೆಯ ಸೀರೆ ಒತ್ತಿದರು.

ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುವುದು ನಮ್ಮ ಕಡೆಯ ಎಲ್ಲ ಮನೆಗಳಲ್ಲೂ ಇದ್ದದ್ದೇ. ನನ್ನ ತಾಯಿಯೂ ಹಾಗೆಯೇ ಬಾಣಂತನ ಮಾಡಿಸಿಕೊಂಡವರು. ಆದರೆ ಇಲ್ಲಿ ಕೆಂಡ ಬಂದದ್ದು ಬಸ್ಸಿನಿಂದ. ಸಂಜೆ ಬಸ್ಸು ಬಂದು ನಿಂತ ಮೇಲೆ ಒಲೆಯಲ್ಲಿ ಉಳಿದ ಕೆಂಡವನ್ನು ನೀರು ಹಾಕಿ ಆರಿಸುವ ಬದಲು ಚಿನ್ನಪ್ಪ ಒಂದು ಚಟ್ಟಿಯಲ್ಲಿ ತುಂಬಿ ಮನೆಯೊಳಕ್ಕೆ ಒಯ್ಯುತ್ತಿದ್ದರು. ಅವರಿಗೆ ಅದರಲ್ಲಿ ಹೆಮ್ಮೆ.

"ನೋಡಿ ಬಿಎಸ್ಸಿ," ಎಂದು ನನಗೆ ಚಟ್ಟಿ ತೋರಿಸಿದ್ದರು, "ಒಂದೆಳೆ ಹೊಗೆ ಇದೆಯಾ? ಸೌದೆ ಕೆಂಡ ಆದ್ರೆ ಮಗು ಕಣ್ಣೆಲ್ಲ ಕೆಂಪಾಗೋಗತ್ತೆ. ಇಂಥ ಕೆಂಡ ಮಹಾರಾಜರ ಮನೇಲೂ ಸಿಗಲ್ಲ."

ಹೊಗೆ ಇಲ್ಲದಿದ್ದರೆ ಕೇಡೂ ಇಲ್ಲ ಎಂದು ಅವರು ನಂಬಿದ್ದರು. ಹಾಗಲ್ಲ ಎಂದು ನನಗೆ ಗೊತ್ತಿತ್ತು. ಚಟ್ಟಿಯನ್ನು ನೋಡಿದೆ. ತುರುಕಿದ ಸೀರೆಯನ್ನು ನೋಡಿದೆ. ಬಾಯಿ ತೆರೆದೆ. "ಸ್ವಲ್ಪ ಗಾಳಿ ಆಡೋ ಹಾಗೆ ಇರಲಿ" ಎನ್ನಬೇಕು. ಗಾಳಿ ಎಲ್ಲಿಂದ ಬರಬೇಕು? ಬಾಗಿಲಲ್ಲಿ ಮಳೆ, ಬಸ್ಸಿನ ಹೊಗೆ. ಕಿಟಕಿಯ ಮಾತು ಬರುತ್ತದೆ. ಕಿಟಕಿಯ ಮಾತು ಬಂದರೆ ಕೋಣೆಯ ಮಾತು ಬರುತ್ತದೆ. ಕೋಣೆ ಹೋದರೆ ಬಸ್ಸು, ಬಸ್ಸು ಹೋದರೆ ಕೆಲಸ. ಇಷ್ಟೆಲ್ಲ ಲೆಕ್ಕ ಒಂದು ಉಸಿರಿನಲ್ಲಿ ಮುಗಿಯಿತು. "ಚೆನ್ನಾಗಿದೆ," ಎಂದೆ.

ಹನ್ನೊಂದನೆಯ ದಿನ ಭಾನುವಾರ ಬಂತು. ಭಾನುವಾರ ಕಾರ್ಖಾನೆ ಬಸ್ಸಿಗೆ ರಜ. ಅಂದು ಬಸ್ಸಿನ ಒಲೆಯನ್ನು ಪೂರ್ತಿ ಉರಿಸಿ, ಬೆಂಕಿಯೆಲ್ಲ ಹೊರಗೆಳೆದು, ಒಳಗಿನ ಬೂದಿ ಕೆರೆದು ಶುಚಿ ಮಾಡುವ ದಿನ. ಮನೆಯಲ್ಲಿ ರತ್ನಳಿಗೆ ಹನ್ನೊಂದನೆಯ ದಿನದ ನೀರು. ಎರಡೂ ಕೂಡಿ ಬಂದದ್ದು ಚಿನ್ನಪ್ಪನಿಗೆ ಭಾಗ್ಯವೆನಿಸಿತು. ಒಲೆಯಿಂದ ಎಳೆದ ಕೆಂಡವನ್ನು ಅಂದು ಚಟ್ಟಿಯಲ್ಲಲ್ಲ, ದೊಡ್ಡ ಕಬ್ಬಿಣದ ಬಾಣಲೆ ತುಂಬ ಒಯ್ದು ಮಂಚದ ಕೆಳಗಿಟ್ಟರು. ಆಮೇಲೆ ಕೊಡೆ ಹಿಡಿದು ಮಾರ್ಕೆಟ್ಟಿಗೆ ಹೋದರು. ರತ್ನ ಎಣ್ಣೆ ನೀರು ಹಾಕಿಸಿಕೊಂಡು ಕಂಬಳಿ ಹೊದ್ದು ಮಲಗಿದಳು. ಮುನಿಯಮ್ಮ ಸಾಂಬ್ರಾಣಿ ಹಾಕಿ, ಬಾಗಿಲಿಗೆ ಅಗಳಿ ಹಾಕಿ, ತೊಟ್ಟಿಲ ಪಕ್ಕ ಕುಳಿತರು. ಇದೆಲ್ಲ ಗೋಡೆಯಾಚೆಯಿಂದ ಕೇಳುತ್ತಲೇ ಇತ್ತು.

ಮಗು ಹತ್ತು ದಿನದಿಂದ ಅಳುತ್ತಲೇ ಇತ್ತು. ನಾನು ಹತ್ತು ದಿನದಿಂದ ಸರಿಯಾಗಿ ಮಲಗಿರಲಿಲ್ಲ. ಅಂದೂ ಅಳುತ್ತಿತ್ತು. ಮುನಿಯಮ್ಮ ಜೋಗುಳ ಹಾಡುತ್ತಿದ್ದರು. ಆಮೇಲೆ ಅಳು ಸಣ್ಣದಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಜೋಗುಳವೂ ಸಾಲಿನ ನಡುವೆ ನಿಂತಿತು.

ನಾನು ಕೈಗಡಿಯಾರ ನೋಡಿಕೊಂಡೆ. ಎಷ್ಟು ಹೊತ್ತಿನ ನೆಮ್ಮದಿ ಸಿಗುತ್ತದೋ ನೋಡೋಣ ಎಂದು. ಒಂಬತ್ತು ಇಪ್ಪತ್ತು. ದೇವರು ದೊಡ್ಡವನು ಅಂದುಕೊಂಡು, ಮುಸುಕು ಎಳೆದು ಮಲಗಿದೆ.

ನಿದ್ದೆ ಬಂದಿತ್ತೋ ಇಲ್ಲವೋ ಹೇಳಲಾರೆ. ಗೋಡೆಯಾಚೆ ಠಣ್ಣೆಂದು ಒಂದು ಚೊಂಬು ಬಿತ್ತು. ಕಲ್ಲಿನ ನೆಲದ ಮೇಲೆ ಉರುಳಿ, ಉರುಳಿ, ನಿಂತಿತು. ನಾನು ಕಣ್ಣು ಮುಚ್ಚಿಕೊಂಡೇ ಬೈಗುಳಕ್ಕೆ ಕಾದೆ.

ಬೈಗುಳ ಬರಲಿಲ್ಲ.

ಇನ್ನೂ ಸ್ವಲ್ಪ ಕಾದೆ. ಮುನಿಯಮ್ಮನ ಮನೆಯಲ್ಲಿ ಒಂದು ಚೊಂಬು ಬಿದ್ದು, ಅದನ್ನು ಯಾರೂ ಬೈಯದೆ, ಯಾರೂ ಎತ್ತದೆ ಬಿದ್ದಿರುವುದು ಆವರೆಗೆ ನಡೆದಿರಲಿಲ್ಲ. ಎದ್ದು ಗೋಡೆ ಬಡಿದೆ. "ಮುನಿಯಮ್ಮನೋರೇ! ರತ್ನಮ್ಮಾ!" ಏನೂ ಇಲ್ಲ. ಗಡಿಯಾರದಲ್ಲಿ ಒಂಬತ್ತು ನಲವತ್ತೈದು.

ಹೊರಗೋಡಿದೆ. ಖಾದರ್ ಸಾಬ್ ಬಸ್ಸಿನ ಒಲೆಗೆ ಸಲಾಕೆ ಹಾಕಿ ಬೂದಿ ಕೆರೆಯುತ್ತಿದ್ದರು. ನಾನು ಬಾಗಿಲಿಗೆ ಹೆಗಲು ಕೊಟ್ಟು ಗುದ್ದಿದೆ. ಹಳೇ ಕಾಲದ ಹಲಸಿನ ಬಾಗಿಲು. ಅಲುಗಲೂ ಇಲ್ಲ.

"ಏನಾಯ್ತ್ರೀ?"

"ಗ್ಯಾಸು," ಎಂದೆ. "ಒಳಗೆ. ಮೂರು ಜನ."

ಅವರು ನನ್ನ ಕಡೆ ಓಡಿ ಬಂದರು. ಕೆಂಡ ಕೆದಕುವ ಉದ್ದನೆಯ ಸಲಾಕೆ ಕೈಯಲ್ಲೇ ಇತ್ತು. "ಕಿಟಕಿ!" ಎಂದು ಕೂಗಿದ್ದು ನಾನೋ ಅವರೋ ನೆನಪಿಲ್ಲ. ನನ್ನ ಕೋಣೆಗೆ ನುಗ್ಗಿ ಮಂಚ ಎಳೆದು ಗೋಡೆಗೆ ಸಲಾಕೆ ಹಾಕಿದೆವು. ಸಿಮೆಂಟಿನಲ್ಲಿ ಕಟ್ಟಿದ್ದರೆ ಇಂದು ಈ ಬರಹ ಇರುತ್ತಿರಲಿಲ್ಲ. ಮಣ್ಣು ಇನ್ನೂ ಹಸಿಯಾಗಿತ್ತು. ಮೂರನೆಯ ಏಟಿಗೆ ಒಂದು ಇಟ್ಟಿಗೆ ಒಳಕ್ಕೆ ಬಿತ್ತು, ಆಮೇಲೆ ಸಾಲಾಗಿ ಕುಸಿದವು. ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಅದರಲ್ಲಿ ಸಾಂಬ್ರಾಣಿಯ ಪರಿಮಳ. ಎಷ್ಟು ಒಳ್ಳೆಯ ವಾಸನೆ!

"ಉಸಿರು ಹಿಡ್ಕೊಂಡು ಹೋಗಿ," ಎಂದರು ಖಾದರ್ ಸಾಬ್, ನನ್ನನ್ನು ಹಿಂದಿನಿಂದ ತಳ್ಳುತ್ತ. "ಮೊದ್ಲು ಬಾಗಿಲು! ಮಗು ಆಮೇಲೆ! ಪೆಹಲೆ ಬಾಗಿಲು ತೆಗೀರಿ!"

ತಲೆ ಮುಂದಾಗಿ ಒಳಗೆ ಬಿದ್ದೆ. ಕತ್ತಲಲ್ಲಿ ಮಂಚದ ಕೆಳಗೆ ಬಾಣಲೆ ಕೆಂಪಗೆ, ಶಾಂತವಾಗಿ ಉರಿಯುತ್ತಿತ್ತು. ತೊಟ್ಟಿಲು ಕೈಗೆ ತಾಗಿತು. ಎಲ್ಲ ಬಿಟ್ಟು ಮಗುವನ್ನು ಎತ್ತಬೇಕೆನಿಸಿತು. ಆದರೂ ಬಾಗಿಲಿಗೆ ಹೋದೆ. ಒತ್ತಿದ ಸೀರೆ ಕಾಲಿಗೆ ಸಿಕ್ಕಿತು, ಅಗಳಿ ಬಿಗಿದಿತ್ತು, ಎದೆ ಒಡೆಯುವ ಹಾಗಾಯಿತು. ಕೊನೆಗೆ ಜಾರಿತು. ಬೆಳಕು, ಮಳೆ, ಗಾಳಿ ಒಟ್ಟಿಗೆ ಒಳಗೆ ಬಂದವು.

ಆ ಬೆಳಕಿನಲ್ಲಿ ರತ್ನಳ ಮುಖ ಕಂಡಿತು. ಕೆಂಪಗೆ, ತುಂಬಿಕೊಂಡು, ಆರೋಗ್ಯವಂತೆಯ ಮುಖದ ಹಾಗೆ. ಆ ಗ್ಯಾಸು ಏರಿದವರ ಮುಖ ಹಾಗೆಯೇ ಕೆಂಪೇರುತ್ತದೆ. ಅದು ನನ್ನನ್ನು ಈಗಲೂ ಹೆದರಿಸುತ್ತದೆ.

ಮಗುವನ್ನು ಖಾದರ್ ಸಾಬ್ ತೊಟ್ಟಿಲಿನಿಂದ ಎತ್ತಿಕೊಂಡು ಅಂಗಳಕ್ಕೆ ಒಯ್ದು ಮಳೆಗೆ ಹಿಡಿದರು. ವಠಾರದವರು ಓಡಿ ಬಂದು ರತ್ನಳನ್ನು ಮಂಚದ ಸಮೇತ ಎತ್ತಿ ತಂದರು. ಮುನಿಯಮ್ಮ ತೊಟ್ಟಿಲ ಆಚೆ ನೆಲದ ಮೇಲೆ ಬಾಣಲೆಯ ಕಡೆಗೆ ಮುಖ ಮಾಡಿ ಒರಗಿದ್ದರು. ಕೈ ಚೊಂಬಿನ ಕಡೆಗೆ ಚಾಚಿತ್ತು. ಅವರನ್ನು ತಂದದ್ದು ಕೊನೆಗೆ.

ಮಳೆಹನಿ ಬಿದ್ದು ಮಗುವಿನ ಮೂಗು ಸುಕ್ಕಾಯಿತು. ಆಮೇಲೆ ಅತ್ತಿತು. ಹತ್ತು ದಿನ ನಾನು ಶಪಿಸಿದ್ದ ಅದೇ ಅಳು.

"ಬಸ್ಸು ತೆಗೀರಿ, ಆಸ್ಪತ್ರೆಗೆ," ಎಂದು ಯಾರೋ ಕೂಗಿದರು. ಬಸ್ಸು ಬಾಗಿಲ ಮುಂದೆಯೇ ನಿಂತಿತ್ತು, ಒಲೆ ಖಾಲಿ. ಅದರ ಬೆಂಕಿಯೆಲ್ಲ ಮಂಚದ ಕೆಳಗಿತ್ತು. ಹೊಸದಾಗಿ ಹಚ್ಚಿ ಊದಿದರೆ ಅರ್ಧ ಗಂಟೆ. ಜಟಕಾದಲ್ಲಿ ಹೋದೆವು.

ರತ್ನ ಅಂದು ಮಧ್ಯಾಹ್ನವೇ ಕಣ್ಣು ತೆರೆದಳು. ಮುನಿಯಮ್ಮನಿಗೆ ಮೂರು ದಿನ ಹಿಡಿಯಿತು. ಆಸ್ಪತ್ರೆಯ ಡಾಕ್ಟರು ನನ್ನ ಭುಜ ತಟ್ಟಿ, "ವಿದ್ಯಾವಂತರು ಪಕ್ಕದಲ್ಲಿದ್ದದ್ದು ಅವರ ಪುಣ್ಯ," ಎಂದರು. ಚಿನ್ನಪ್ಪ ಎಲ್ಲರೆದುರು ನನ್ನ ಕಾಲಿಗೆ ಬೀಳಲು ಬಂದರು. ನಾನು ಹಿಂದೆ ಸರಿದೆ. ನಾಚಿಕೆ ಸ್ವಭಾವ ಎಂದುಕೊಂಡರು. ಒಂಬತ್ತು ಇಪ್ಪತ್ತರಿಂದ ಒಂಬತ್ತು ನಲವತ್ತೈದರವರೆಗೆ ನಾನು ಏನು ಮಾಡುತ್ತಿದ್ದೆ ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ನನಗಿರಲಿಲ್ಲ.

ವೀರಪ್ಪನವರು ನನ್ನ ಕೋಣೆಗೆ ಬಂದು ಆ ರಂಧ್ರದ ಮುಂದೆ ನಿಂತರು. ಒಂದು ಇಟ್ಟಿಗೆ ಎತ್ತಿ, ಅಂಟಿದ್ದ ಹಸಿ ಮಣ್ಣನ್ನು ಬೆರಳಿನಿಂದ ಕೆರೆದರು. "ಇನ್ನು ಎರಡು ತಿಂಗಳು ಹೋಗಿದ್ರೆ ಕಲ್ಲಿನ ಹಾಗಾಗ್ತಿತ್ತು," ಎಂದಷ್ಟೇ ಹೇಳಿ ಹೋದರು.

ಅವರೆಲ್ಲ ಆಸ್ಪತ್ರೆಯಿಂದ ಬಂದ ಮೇಲೆ ರಂಧ್ರಕ್ಕೆ ನನ್ನ ಕಡೆಯಿಂದ ಒಂದು ಗೋಣಿತಟ್ಟು ಕಟ್ಟಿದೆ. ಬಾಣಂತಿ ಇರುವ ಮನೆ, ಇಣುಕುವ ಹಾಗಿಲ್ಲ. ಆದರೆ ಮಗು ಸುಮ್ಮನಾದರೆ ನನಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಗೋಡೆ ತಟ್ಟುತ್ತಿದ್ದೆ. ಆಚೆಯಿಂದ ರತ್ನ, "ಇದ್ದೀವಿ ಅಣ್ಣ," ಎನ್ನುತ್ತಿದ್ದಳು. ಮತ್ತೆ ಸ್ವಲ್ಪ ಹೊತ್ತಿಗೆ ತಟ್ಟುತ್ತಿದ್ದೆ. "ಇದ್ದೀವಿ ಅಣ್ಣ." ದಿನಕ್ಕೆ ಎಷ್ಟು ಸಲವೋ. ಅವಳು ಒಂದು ಸಲವೂ ಬೇಸರ ತೋರಲಿಲ್ಲ. ಮುನಿಯಮ್ಮನ ದನಿ ಮಾತ್ರ ಕೇಳಿಸಲಿಲ್ಲ. ಚೊಂಬು ಬಿದ್ದರೆ ಬಿದ್ದೇ ಇರುತ್ತಿತ್ತು. ಮಾತಿಗೆ ತಡವರಿಸುತ್ತಿದ್ದರು, ಕೈ ನಡುಗುತ್ತಿತ್ತು. ಕ್ರಮೇಣ ಸರಿಹೋಗಬಹುದು ಎಂದಿದ್ದರು ಡಾಕ್ಟರು.

ಆ ಮೌನ ನನ್ನಿಂದ ತಡೆಯಲಾಗಲಿಲ್ಲ. ಮಾಗಿ ಮುಗಿಯುವ ಮುಂಚೆ ಕೋಣೆ ಬಿಟ್ಟೆ. ಕೃಷ್ಣರಾಜಪುರದ ಕಡೆ ಒಂದು ಒಂಟಿ ಮನೆ ಹಿಡಿದು, ಬೇರೆ ದಾರಿಯಲ್ಲಿ ಕಾರ್ಖಾನೆಗೆ ಹೋಗತೊಡಗಿದೆ. ಸುತ್ತ ಹೊಲ. ಪಕ್ಕದ ಮನೆ ಕೂಗಿದರೆ ಕೇಳುವಷ್ಟು ದೂರ. ಗಾಳಿಗೆ ಬರವಿಲ್ಲ. ಅಲ್ಲಿ ಮಲಗಿ ಎಷ್ಟೋ ಸಲ ಯೋಚಿಸಿದ್ದೇನೆ: ಹಲಸೂರಿನಲ್ಲೂ ಹೀಗೆಯೇ ದೂರ ದೂರ ಇದ್ದಿದ್ದರೆ ಆ ಕಿಟಕಿ ಮುಚ್ಚುತ್ತಿರಲಿಲ್ಲ. ನಿಜ. ಆದರೆ ಬೇರೆ ಯಾವ ಕಾರಣಕ್ಕೋ ಕೋಣೆ ಮುಚ್ಚಿದ್ದರೆ, ಚೊಂಬು ಬಿದ್ದದ್ದು ಯಾರಿಗೂ ಕೇಳುತ್ತಲೂ ಇರಲಿಲ್ಲ. ಜನ ಒತ್ತಾಗಿ ಬದುಕಲೇಬೇಕು, ಬಸ್ಸು ಅಂಥ ಕಡೆಗೇ ಬರುತ್ತದೆ. ಎಷ್ಟು ಒತ್ತು, ಎಲ್ಲಿ ಒಂದು ಅಡಿ ಬಿಡಬೇಕು ಎಂಬುದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಗೊತ್ತಿದ್ದವನು ಹೇಳಬೇಕು.

ಇಸ್ತ್ರಿಯವನ ಅಂಗಡಿಯಿಂದ ಬಂದ ಮರುದಿನ ಭಾನುವಾರ. ಐದು ವರ್ಷದಲ್ಲಿ ಮೊದಲ ಸಲ ಹಲಸೂರಿಗೆ ಹೋದೆ.

ವಠಾರ ಎರಡು ಅಂತಸ್ತು ಆಗಿದೆ. ಅಂಗಳದಲ್ಲಿ ಈಗ ಪೆಟ್ರೋಲಿನ ಬಸ್ಸುಗಳು ಬಂದು ಹೋಗುತ್ತವೆ. ಕಾಫಿ ಹೋಟೆಲು, ಕ್ಷೌರದಂಗಡಿ, ಸೈಕಲ್ ಅಂಗಡಿ. ವೀರಪ್ಪನವರು ಹೇಳಿದಂತೆಯೇ ಊರು ಬಸ್ಸಿನ ಸುತ್ತ ಬೆಳೆದಿದೆ. ಆದರೆ ನನ್ನ ಕೋಣೆ ಇರಲಿಲ್ಲ. ಅದರ ಮಾಡು ತೆಗೆದು, ಮುಂದಿನ ಗೋಡೆ ಒಡೆದು ಮತ್ತೆ ಸಂದು ಮಾಡಿದ್ದರು. ಮೇಲಿನ ಅಂತಸ್ತನ್ನೂ ಅಷ್ಟು ಜಾಗ ಬಿಟ್ಟು ಕಟ್ಟಿದ್ದರು. ತಲೆಯೆತ್ತಿದರೆ ಉದ್ದಕ್ಕೆ ಒಂದು ಪಟ್ಟಿ ಆಕಾಶ. ಕಿಟಕಿಗೆ ಮರದ ಸರಳು ಹಾಕಿತ್ತು.

ಹೋಟೆಲಿನ ಮುಂದೆ ಕುಳಿತಿದ್ದ ವೀರಪ್ಪನವರು ಗುರುತು ಹಿಡಿದರು. "ಬಿಎಸ್ಸಿ ಸಂದು ನೋಡಕ್ಕೆ ಬಂದ್ರಾ? ಹಂಗೇ ಕರೀತಾರೆ ಈಗ. ಅಲ್ಲೊಂದು ಕೋಣೆ ಹಾಕಿ ಅಂತ ದಿನಾ ಒಬ್ಬ ಬಂದು ಕೇಳ್ತಾನೆ. ಆಗಲ್ಲ ಅಂತೀನಿ. ಯಾಕೆ ಅಂತ ಕೇಳಿದ್ರೆ ಹೇಳೋದೇ ದೊಡ್ಡ ಕತೆ."

ರತ್ನ ಅಲ್ಲಿಯೇ ಇದ್ದಳು. ಗಂಡನಿಗೂ ಕಾರ್ಖಾನೆಯಲ್ಲಿ ಕೆಲಸವಾಗಿ, ತಾಯಿಯನ್ನು ನೋಡಿಕೊಳ್ಳಲು ಅನುಕೂಲವೆಂದು ಮೇಲಿನ ಅಂತಸ್ತಿಗೇ ಬಂದಿದ್ದರಂತೆ. ನನ್ನನ್ನು ಹೊರಗೆ, ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕೂರಿಸಿದಳು. ಮುನಿಯಮ್ಮ ಹೊಸಿಲಲ್ಲಿ ಕುಳಿತು ನನ್ನನ್ನೇ ನೋಡಿ ಮುಗುಳ್ನಕ್ಕರು. ಗುರುತಾಯಿತೋ ಇಲ್ಲವೋ ತಿಳಿಯಲಿಲ್ಲ.

"ಅಮ್ಮ ಈಗ ಬೈಯಲ್ಲ," ಎಂದಳು ರತ್ನ. "ನಾನೇ ಬೈತೀನಿ. ಮನೆ ಅಂದ್ಮೇಲೆ ಯಾರಾದ್ರೂ ಬೈಬೇಕಲ್ಲ."

ಚಿನ್ನಪ್ಪ ಬಸ್ಸಿನ ಜೊತೆ ಕೆಲಸಕ್ಕೆ ಹೋಗಿದ್ದರು. ಖಾದರ್ ಸಾಬ್ ಎರಡು ವರ್ಷದ ಹಿಂದೆ ತೀರಿಕೊಂಡರಂತೆ. ಮಗು ಒಳಗೆ ಆಡುತ್ತಿತ್ತು.

ನಾನು ಹೇಳಿಬಿಟ್ಟೆ. ಪೀಠಿಕೆಯಿಲ್ಲದೆ, ಕಿಟಕಿಯ ಸರಳು ನೋಡುತ್ತ ಹೇಳಿದೆ. ಕೆಂಡದ ವಿಷಯ ನನಗೆ ಮೊದಲೇ ಗೊತ್ತಿತ್ತು. ಕೋಣೆ ಹೋಗುತ್ತದೆಂದು ಬಾಯಿ ಮುಚ್ಚಿಕೊಂಡಿದ್ದೆ. ಮಗು ಸುಮ್ಮನಾದಾಗ ಸಂತೋಷಪಟ್ಟೆ. ಇಪ್ಪತ್ತೈದು ನಿಮಿಷ ಮುಸುಕು ಹಾಕಿ ಮಲಗಿದ್ದೆ.

ರತ್ನ ತಾಯಿಯ ಕಡೆ ನೋಡಿದಳು. ಆ ನಡುಗುವ ಕೈಯನ್ನು ನೋಡಿದಳು. ಅಂಗಳದಿಂದ ಒಂದು ಬಸ್ಸು ಹೊರಟಿತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ ನಿಂತೇ ಇದ್ದಳು.

ಆಗ ಒಳಗೆ ಠಣ್ಣೆಂದು ಏನೋ ಬಿತ್ತು. ಕಲ್ಲಿನ ನೆಲದ ಮೇಲೆ ಉರುಳತೊಡಗಿತು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ತಿಳಿಯದು. ಕೈ ಗೋಡೆಯ ಮೇಲಿತ್ತು. ಉರುಳುವ ಸದ್ದು ನಿಂತಿತು. ನನ್ನ ಉಸಿರೂ ನಿಂತಿತು.

"ಹಾಳಾದ್ದೇ, ಕಣ್ಣು ಕಾಣಲ್ವಾ ನಿಂಗೆ?" ಎಂದಿತು ಒಂದು ಪುಟ್ಟ ದನಿ.

ರತ್ನ ನನ್ನ ಮುಖ ನೋಡಿದಳು. ಗೋಡೆಯ ಮೇಲಿದ್ದ ಕೈಯನ್ನು ನೋಡಿದಳು.

"ಬೈದ್ಲಲ್ಲ," ಎಂದಳು ಮೆಲ್ಲಗೆ. "ಕೂತ್ಕೊಳ್ಳಿ ಅಣ್ಣ."